ಕೊಡಲಿ ಏಟಿಗೆ ಜಗ್ಗದ ಕಾರು: ಹೆನ್ರಿ ಫೋರ್ಡ್

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಹೆನ್ರಿ ಫೋರ್ಡ್ ಎಂದರೆ ಕಡಿಮೆ ಬೆಲೆಗೆ ಕಾರು ಮಾರಿದ ಉದ್ಯಮಿ. ನನಗೆ ಅವರಲ್ಲಿ ಹೆಚ್ಚು ಇಷ್ಟವಾದದ್ದು ಮುಪ್ಪಿನಲ್ಲಿ ಅವರು ಮಾಡಿಸಿದ ಒಂದು ಪ್ರಯೋಗ.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಚಿಗನ್ ರಾಜ್ಯದ ರೈತ ಕುಟುಂಬದಲ್ಲಿ. ಹೊಲಕ್ಕಿಂತ ಯಂತ್ರಗಳ ಮೇಲೆ ಅವರಿಗೆ ಒಲವು. 1899ರಲ್ಲಿ ಶುರುವಾದ ಮೊದಲ ಕಂಪನಿ ಎರಡೇ ವರ್ಷದಲ್ಲಿ ಮುಚ್ಚಿತು. ಎದೆಗುಂದದೆ 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ ಆರಂಭಿಸಿದರು. 1908ರಲ್ಲಿ ಮಾಡೆಲ್ ಟಿ ಕಾರು ಬಂತು. 1913ರಲ್ಲಿ ಕಾರೇ ಕಾರ್ಮಿಕರ ಬಳಿಗೆ ಸಾಗಿಬರುವ ಅಸೆಂಬ್ಲಿ ಲೈನ್ ಬಂತು. ನಮ್ಮ ಬಿಡದಿಯ ಕಾರು ಕಾರ್ಖಾನೆಯಲ್ಲೂ ಇದೇ ಪದ್ಧತಿ.

1930ರ ದಶಕದಲ್ಲಿ ಬೆಳೆಗೆ ಬೆಲೆಯಿಲ್ಲದೆ ಅಮೆರಿಕದ ರೈತರು ಕಂಗೆಟ್ಟಿದ್ದರು. ಬೆಳೆಯೇ ಕಾರ್ಖಾನೆಯ ಕಚ್ಚಾವಸ್ತುವಾದರೆ ರೈತ ಉಳಿಯುತ್ತಾನೆ ಎಂದು ಫೋರ್ಡ್ ನಂಬಿದರು. ರಾಬರ್ಟ್ ಬೋಯರ್ ಎಂಬ ಯುವಕನಿಗೆ ಸೋಯಾ ಸಂಶೋಧನೆಯನ್ನು ವಹಿಸಿದರು. ಸಸ್ಯದ ನಾರನ್ನು ರಾಳದೊಂದಿಗೆ ಒತ್ತಿ ಹಲಗೆ ಮಾಡಿದರು. 1940ರಲ್ಲಿ, 77ನೇ ವಯಸ್ಸಿನಲ್ಲಿ, ಫೋರ್ಡ್ ಅಂಥ ಪ್ಲಾಸ್ಟಿಕ್‌ನ ಡಿಕ್ಕಿ ಮುಚ್ಚಳಕ್ಕೆ ಎಲ್ಲರೆದುರು ಕೊಡಲಿ ಬೀಸಿದರು. ಮುಚ್ಚಳ ತಗ್ಗಲಿಲ್ಲ. 1941ರ ಆಗಸ್ಟ್ 13ರಂದು ಪೂರ್ತಿ ಕಾರನ್ನೇ ತೋರಿಸಿದರು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ 14 ಪ್ಲಾಸ್ಟಿಕ್ ಹಲಗೆಗಳು. ತೂಕ ಸುಮಾರು 900 ಕಿಲೋ.

ಇದರ ಗುಟ್ಟು ರಾಮನಗರ ಮಾರುಕಟ್ಟೆಯ ರೇಷ್ಮೆಗೂಡಿನಲ್ಲೂ ಇದೆ. ನೂಲು ಮತ್ತು ಗೋಂದು ಸೇರಿರುವುದರಿಂದ ಗೂಡನ್ನು ಕೈಯಿಂದ ಹರಿಯುವುದು ಕಷ್ಟ. ರೀಲಿಂಗ್ ಮಾಡುವ ನಮ್ಮ ಮಾಮು ಅದನ್ನು ಬಿಸಿನೀರಿನಲ್ಲಿ ಬೇಯಿಸಿ ಗೋಂದು ಸಡಿಲಿಸಿದ ಮೇಲೆಯೇ ನೂಲು ಬಿಚ್ಚುತ್ತಾರೆ. ಬರೀ ರಾಳವಾದರೆ ಏಟಿಗೆ ಸೀಳುತ್ತದೆ. ನಾರಿದ್ದರೆ ಬಿರುಕು ಅದನ್ನು ಸುತ್ತಿ ಸಾಗಬೇಕು, ನಾರನ್ನು ಎಳೆಯಬೇಕು; ಅಷ್ಟರಲ್ಲಿ ಏಟಿನ ಬಲ ಕುಗ್ಗುತ್ತದೆ. ಆದರೂ ಒಳಗಿನ ಪದರಗಳು ಕಣ್ಣಿಗೆ ಕಾಣದಂತೆ ಬಿಟ್ಟುಕೊಳ್ಳುವ ಅಪಾಯವಿದೆ. ಅದಕ್ಕೇ ಇಂದು ಪದರಗಳನ್ನು ಹೊಲಿಯುತ್ತಾರೆ, ರಾಳಕ್ಕೆ ರಬ್ಬರ್ ಕಣ ಬೆರೆಸುತ್ತಾರೆ. ಫೈಬರ್ ಗ್ಲಾಸ್ ಹೆಲ್ಮೆಟ್‌ನ ಹೊರಚಿಪ್ಪು ಗಟ್ಟಿಯಾಗಿರುವುದೂ ನಾರಿನ ಬಲದಿಂದ.

ಮಹಾಯುದ್ಧದಿಂದ ಕಾರು ತಯಾರಿಕೆ ನಿಂತಿತು. ಸೋಯಾ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. 1947ರ ಏಪ್ರಿಲ್ 7ರಂದು ಫೋರ್ಡ್ ತೀರಿಕೊಂಡರು. ಅವರ ಎಲ್ಲವನ್ನೂ ನಾನು ಮೆಚ್ಚಲಾರೆ. ತಮ್ಮ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ದ್ವೇಷ ಹರಡಿದರು, ಕಾರ್ಮಿಕ ಸಂಘವನ್ನು ಬಹುಕಾಲ ತಡೆದರು.

ಆದರೆ ರೈತನ ಬೆಳೆಗೆ ಹೊಸ ಗಿರಾಕಿ ಹುಡುಕಬೇಕೆಂಬ ಅವರ ಲೆಕ್ಕ ನಮಗೆ ಇಂದಿಗೂ ಬೇಕು. ದೊಡ್ಡಮಳೂರಿನ ಸುತ್ತ ತೆಂಗಿನ ನಾರಿದೆ, ನೂಲು ಬಾರದ ಗೂಡೂ ಇದೆ. ಗೂಡಿನ ದರ ಬಿದ್ದ ವಾರ ಎಷ್ಟೋ ಮನೆಗಳಲ್ಲಿ ಕಾಲೇಜು ಫೀಸಿನ ಚಿಂತೆ ಶುರುವಾಗುತ್ತದೆ. ವಿಜ್ಞಾನ ವಿಭಾಗದ ಗೆಳೆಯರು ಆ ನಾರಿನಿಂದ ಗಟ್ಟಿ ಹಲಗೆ ಮಾಡಿ ತೋರಿಸಲಿ, ಖರ್ಚು–ಲಾಭದ ಲೆಕ್ಕ ನಾವು ಹಾಕುತ್ತೇವೆ.