ಹಿಂದಿರುಗಿ ನೋಡದ ಓಟಗಾರ

ಓಟಗಾರರ ಚರಿತ್ರೆಗಳನ್ನು ಓದುವುದು ನನಗೆ ಬಹಳ ದಿನಗಳಿಂದ ಇರುವ ಚಪಲ. ಗೆದ್ದವರ ಕಥೆಗಳೆಲ್ಲ ಹೆಚ್ಚು ಕಡಮೆ ಒಂದೇ ಅಚ್ಚಿನವು. ಮೂರನೆಯವನಾಗಿ ಬಂದ ಒಬ್ಬನ ಕಥೆ ಮಾತ್ರ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಆತನ ಹೆಸರು ಕೋಕಿಚಿ ತ್ಸುಬುರಾಯಾ. ನಮ್ಮ ನಾಲಗೆಗೆ ಹೆಸರು ತುಸು ತೊಡಕು. ಜಪಾನಿನ ಹಿರಿಯರಿಗಾದರೋ ಅದು ಮನೆಮಾತು.

1940ನೆಯ ಇಸವಿ ಮೇ 13ರಂದು ಫುಕುಷಿಮಾ ಪ್ರಾಂತದ ಸುಕಾಗಾವಾ ಎಂಬ ಊರಿನಲ್ಲಿ, ಏಳು ಮಕ್ಕಳಲ್ಲಿ ಕಿರಿಯವನಾಗಿ ಈತನು ಹುಟ್ಟಿದನು. ತಂದೆ ಬಹು ಕಟ್ಟುನಿಟ್ಟಿನ ಮನುಷ್ಯ. ಓಡುವಾಗ ಹಿಂದಿರುಗಿ ನೋಡಕೂಡದೆಂದು ಮಗನಿಗೆ ಚಿಕ್ಕಂದಿನಲ್ಲಿಯೇ ಕಲಿಸಿದನು. ಮಗನು ಆ ಮಾತನ್ನು ಎಂದೂ ಮೀರಲಿಲ್ಲ. 1959ರಲ್ಲಿ ಜಪಾನಿನ ಆತ್ಮರಕ್ಷಣಾ ಪಡೆಯನ್ನು ಸೇರಿದ ಮೇಲೆ, ಅದರ ವ್ಯಾಯಾಮ ಶಿಕ್ಷಣ ಶಾಲೆಗೆ ಆಯ್ಕೆಯಾದನು. ಅಲ್ಲಿಂದ ಮುಂದೆ ಓಡುವುದೇ ಆತನ ಉದ್ಯೋಗ, ಓಡುವುದೇ ಮೇಲಧಿಕಾರಿಗಳ ಅಪ್ಪಣೆ.

1964ರ ಒಲಿಂಪಿಕ್ಸ್ ಟೋಕಿಯೋ ನಗರದಲ್ಲಿ ನಡೆಯಿತು. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ದೇಶವೊಂದು ತಲೆಯೆತ್ತಿ ನಿಂತಿರುವುದನ್ನು ಜಗತ್ತಿಗೆ ತೋರಿಸಬೇಕಾಗಿದ್ದ ಸಂದರ್ಭ ಅದು. ಅಕ್ಟೋಬರ್ 14ರಂದು 10,000 ಮೀಟರ್ ಓಟದಲ್ಲಿ ತ್ಸುಬುರಾಯಾ ಆರನೆಯವನಾದನು. ಒಂದು ವಾರ ಕಳೆದು, 21ರಂದು ಮ್ಯಾರಥಾನ್. ಇಥಿಯೋಪಿಯಾದ ಅಬೆಬೆ ಬಿಕಿಲ 2 ಗಂಟೆ 12 ನಿಮಿಷ 11.2 ಸೆಕೆಂಡುಗಳಲ್ಲಿ ವಿಶ್ವದಾಖಲೆ ಮಾಡಿ, ದಣಿವೇ ಇಲ್ಲದವನಂತೆ ಹುಲ್ಲಿನ ಮೇಲೆ ಅಂಗಸಾಧನೆ ಮಾಡುತ್ತಿದ್ದನು. ನಾಲ್ಕು ನಿಮಿಷಗಳ ತರುವಾಯ ಕ್ರೀಡಾಂಗಣದ ಬಾಗಿಲಲ್ಲಿ ಕಾಣಿಸಿದವನು ತ್ಸುಬುರಾಯಾ. ಜನ ಎದ್ದು ನಿಂತು ಕೂಗಿದರು. ಆತನ ಬೆನ್ನ ಹಿಂದೆಯೇ ಇಂಗ್ಲೆಂಡಿನ ಬೇಸಿಲ್ ಹೀಟ್ಲಿ ಬರುತ್ತಿದ್ದನು. ಇಡೀ ಕ್ರೀಡಾಂಗಣಕ್ಕೆ ಕಾಣುತ್ತಿದ್ದುದು ಆತನೊಬ್ಬನಿಗೆ ಕಾಣಲಿಲ್ಲ. ಕೊನೆಯ ಸುತ್ತಿನಲ್ಲಿ ಹೀಟ್ಲಿ ಮುಂದೆ ಹೋದನು. ಅಂತರ 3.6 ಸೆಕೆಂಡು ಮಾತ್ರ.

ಮೂರನೆಯ ಸ್ಥಾನವೇನು ಸಾಮಾನ್ಯವೆ? ಆ ಕೂಟದಲ್ಲಿ ಓಟ, ಜಿಗಿತ, ಎಸೆತಗಳೆಲ್ಲ ಸೇರಿ ಜಪಾನಿಗೆ ದೊರೆತ ಪದಕ ಇದೊಂದೇ. ಆತನು ಮ್ಯಾರಥಾನ್ ಓಡಲಾರಂಭಿಸಿದ್ದೇ ಆ ವರ್ಷ! ಜನ ಆತನನ್ನು ಕೊಂಡಾಡಿದರು. ಆತನಿಗೆ ಮಾತ್ರ ದೇಶದವರ ಕಣ್ಣೆದುರಿನಲ್ಲೇ ಎರಡನೆಯ ಸ್ಥಾನವನ್ನು ಬಿಟ್ಟುಕೊಟ್ಟೆನೆಂಬ ಕೊರಗು. 1968ರ ಮೆಕ್ಸಿಕೋ ಕೂಟದಲ್ಲಿ ಇದನ್ನು ತೀರಿಸುವೆನೆಂದು ಮಾತು ಕೊಟ್ಟನು. ರ್‍ಯಾಂಕ್ ಬರಲೇಬೇಕೆಂದು ಮನೆಯವರೆಲ್ಲ ಎದುರು ನೋಡುತ್ತಿರುವ ಹುಡುಗನು ನಮ್ಮ ತರಗತಿಯಲ್ಲಿದ್ದರೆ, ಆ ಮಾತಿನ ಭಾರವನ್ನು ಅವನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆಮೇಲಿನ ಕಥೆಯನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆತನಿಗೆ ಮದುವೆ ಗೊತ್ತಾಗಿತ್ತು. ಮೆಕ್ಸಿಕೋ ಕೂಟ ಮುಗಿಯುವ ತನಕ ಮದುವೆ ಬೇಡವೆಂದು ಮೇಲಧಿಕಾರಿ ತಡೆದನು. ಸಂಬಂಧ ಮುರಿಯಿತು. ಆತನ ಪರವಾಗಿ ವಾದಿಸಿದ ಗುರು ಹತಾನೊ ಬೇರೆಡೆಗೆ ವರ್ಗವಾದನು. ಸೊಂಟ ನೋವು, ಹಿಮ್ಮಡಿಯ ನೋವು, 1967ರಲ್ಲಿ ಶಸ್ತ್ರಚಿಕಿತ್ಸೆ. ದೇಹ ಮೊದಲಿನಂತಾಗಲಿಲ್ಲ. ಕಾಲು ನೋಡುವ ವೈದ್ಯರಿದ್ದರು. ಮನಸ್ಸಿನಲ್ಲೇನಿದೆಯೆಂದು ಕೇಳುವವರು ಯಾರೂ ಹತ್ತಿರ ಉಳಿದಿರಲಿಲ್ಲ. ಆತನೂ ಬಾಯಿಬಿಟ್ಟು ಹೇಳುವ ಸ್ವಭಾವದವನಲ್ಲ. 1968ರ ಹೊಸ ವರ್ಷಕ್ಕೆ ಊರಿಗೆ ಹೋಗಿ ಎಲ್ಲರೊಡನೆ ಉಂಡು ಬಂದನು. ಜನವರಿ 9ರಂದು ವಸತಿಗೃಹದ ತನ್ನ ಕೋಣೆಯಲ್ಲಿ ಪ್ರಾಣ ಕಳೆದುಕೊಂಡನು. ವಯಸ್ಸು ಇಪ್ಪತ್ತೇಳು.

ಬರೆದಿಟ್ಟ ಕಾಗದದಲ್ಲಿ ದೂರು ಒಂದೂ ಇಲ್ಲ. ಅಣ್ಣ ಅತ್ತಿಗೆಯರು ಕೊಟ್ಟ ತಿಂಡಿ ತೀರ್ಥಗಳನ್ನು ಒಂದೊಂದಾಗಿ ನೆನೆದು ಉಪಕಾರ ಸ್ಮರಿಸಿದ್ದಾನೆ. ತಂದೆತಾಯಿಗಳ ಕ್ಷಮೆ ಬೇಡಿದ್ದಾನೆ. ಕಾದಂಬರಿಕಾರ ಯಸುನಾರಿ ಕವಾಬಾಟಾ ಆ ಬರಹದ ಸೊಬಗನ್ನು ಮೆಚ್ಚಿಕೊಂಡನಂತೆ. ದೊಡ್ಡವರ ಮಾತನ್ನು ಅಲ್ಲಗಳೆಯಲು ನಾನು ಯಾರು? ಆದರೂ ನನಗೆ ಅದರಲ್ಲಿ ಕಾಣುವುದು ಸೊಬಗಲ್ಲ, ಒಬ್ಬ ಯುವಕನ ದಣಿವು. ಆ ದಣಿವನ್ನು ಹೊಗಳಲು ನನಗೆ ಮನಸ್ಸು ಬಾರದು.

ಟೋಕಿಯೋದಲ್ಲಿ ಎಂಟನೆಯವನಾಗಿದ್ದ ಕೆಂಜಿ ಕಿಮಿಹಾರಾ ಆತನ ಸಂಗಡಿಗ. ಅವನೂ ಆ ಸೋಲಿನಿಂದ ಕುಗ್ಗಿ ಓಟವನ್ನೇ ಬಿಡಲು ಹೊರಟಿದ್ದವನು. ಅವನ ಗುರು ಬಲವಂತ ಮಾಡದೆ ಕಾದನು. ಮದುವೆಗೂ ಅಡ್ಡ ಬರಲಿಲ್ಲ. 1966ರಲ್ಲಿ ಕಿಮಿಹಾರಾ ಬೋಸ್ಟನ್ ಮ್ಯಾರಥಾನ್ ಗೆದ್ದನು. 1968ರ ಅಕ್ಟೋಬರ್ 20ರಂದು ಮೆಕ್ಸಿಕೋದಲ್ಲಿ ಎರಡನೆಯವನಾಗಿ ಕ್ರೀಡಾಂಗಣಕ್ಕೆ ಬಂದಾಗ, ಎಂದೂ ಹಿಂದಿರುಗಿ ನೋಡುವ ಅಭ್ಯಾಸವಿಲ್ಲದ ಅವನು ಅಂದು ಒಮ್ಮೆ ಹಿಂದಿರುಗಿ ನೋಡಿದನು. ನ್ಯೂಜಿಲೆಂಡಿನ ಮೈಕ್ ರಯಾನ್ ಸಮೀಪಿಸುತ್ತಿದ್ದನು. ಕಿಮಿಹಾರಾ ಹೆಜ್ಜೆ ಬಿರುಸು ಮಾಡಿ ಬೆಳ್ಳಿಯ ಪದಕವನ್ನು ಉಳಿಸಿಕೊಂಡನು. ಹಾಗೆ ನೋಡುವಂತೆ ಮಾಡಿದವನು ತ್ಸುಬುರಾಯಾ ಎಂದು ಮುಂದೆ ಅವನು ಹೇಳಿಕೊಂಡಿದ್ದಾನೆ. ಸುಕಾಗಾವಾದಲ್ಲಿರುವ ಗೆಳೆಯನ ಸಮಾಧಿಗೆ ಮುದಿವಯಸ್ಸಿನಲ್ಲಿಯೂ ಹೋಗಿಬಂದಿದ್ದಾನೆ.