ಲಾಯ್ಡ್ ಜಾರ್ಜರೂ ಬೊಕ್ಕಸದ ಬೀಗದ ಕೈಯೂ

ಕಳೆದ ವರ್ಷ ನಮ್ಮ ಕಾಲೇಜಿನ ಅಣಕು ಶಾಸನಸಭೆಯಲ್ಲಿ ನನಗೆ ಅರ್ಥಮಂತ್ರಿಯ ಪಾತ್ರ ಬಂದಿತ್ತು. ನಾನು ಮಂಡಿಸಿದ ಆಯವ್ಯಯವನ್ನು ಮೇಲ್ಮನೆಯ ಮಿತ್ರರು ಗದ್ದಲವೆಬ್ಬಿಸಿ ತಿರಸ್ಕರಿಸಿದರು. ಆಗ ನಮ್ಮ ಉಪನ್ಯಾಸಕರು ನಕ್ಕು, ಮೇಲ್ಮನೆಗೆ ಆ ಅಧಿಕಾರವೇ ಇಲ್ಲವೆಂದೂ, ಏಕೆ ಇಲ್ಲವೆಂಬುದನ್ನು ತಿಳಿಯಬೇಕಾದರೆ ಲಾಯ್ಡ್ ಜಾರ್ಜರ ಚರಿತ್ರೆಯನ್ನು ಓದಬೇಕೆಂದೂ ಹೇಳಿದರು. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಡೇವಿಡ್ ಲಾಯ್ಡ್ ಜಾರ್ಜರು 1863ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜನಿಸಿದರು. ಉಪಾಧ್ಯಾಯರಾಗಿದ್ದ ತಂದೆ, ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ತಾಯಿ ಮಕ್ಕಳೊಡನೆ ವೇಲ್ಸಿನ ಹಳ್ಳಿಯೊಂದರಲ್ಲಿದ್ದ ತಮ್ಮನ ಮನೆಯನ್ನು ಸೇರಿದರು. ಆ ಸೋದರಮಾವ ಜೋಡು ಹೊಲಿದು ಜೀವಿಸುತ್ತಿದ್ದವರು. ಹುಡುಗನಿಗೆ ಪಾಠ ಹೇಳಲೆಂದು ತಾವೇ ಫ್ರೆಂಚ್ ಭಾಷೆಯನ್ನು ಕಲಿತರಂತೆ! ಹೀಗೆ ಬೆಳೆದ ಹುಡುಗ ವಕೀಲನಾಗಿ, 1890ರಲ್ಲಿ ಕೇವಲ 18 ಮತಗಳ ಅಂತರದಿಂದ ಪಾರ್ಲಿಮೆಂಟನ್ನು ಪ್ರವೇಶಿಸಿದನು. 1908ರಲ್ಲಿ ಲಿಬರಲ್ ಸರ್ಕಾರದ ಅರ್ಥಮಂತ್ರಿ ಪದವಿ ಅವರಿಗೆ ದೊರೆಯಿತು.

70 ವರ್ಷ ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗ್‌ವರೆಗೆ ಪಿಂಚಣಿ ಕೊಡುವ ಕಾನೂನು ಆಗತಾನೇ ಆಗಿತ್ತು. ಜರ್ಮನಿಯ ಮೇಲಾಟದಿಂದ ಯುದ್ಧನೌಕೆಗಳಿಗೂ ಹಣ ಬೇಕಾಗಿತ್ತು. ಸುಮಾರು 1 ಕೋಟಿ 60 ಲಕ್ಷ ಪೌಂಡುಗಳ ಕೊರತೆ! ಇದನ್ನು ತುಂಬಲು ಅವರು 1909ರ ಏಪ್ರಿಲಿನಲ್ಲಿ ಶ್ರೀಮಂತರ ವರಮಾನದ ಮೇಲೆ ಅಧಿಕ ತೆರಿಗೆಯನ್ನೂ, ಒಡೆಯನ ಶ್ರಮವಿಲ್ಲದೆ ಏರಿದ ಭೂಮಿಯ ಬೆಲೆಯಲ್ಲಿ ಐದನೆಯ ಒಂದು ಪಾಲನ್ನೂ ಕೇಳಿದರು.

ಹಣದ ವಿಷಯದಲ್ಲಿ ಕಾಮನ್ಸ್ ಸಭೆಯದೇ ಕೊನೆಯ ಮಾತೆಂಬುದು ಹಳೆಯ ರೂಢಿ. ಆದರೆ ಬರೆದಿಟ್ಟ ಕಾನೂನಲ್ಲ. ಭೂಮಾಲೀಕರೇ ತುಂಬಿದ್ದ ಲಾರ್ಡ್ಸ್ ಸಭೆ ನವೆಂಬರ್ 30ರಂದು 350ಕ್ಕೆ 75 ಮತಗಳಿಂದ ಆಯವ್ಯಯವನ್ನು ತಳ್ಳಿಹಾಕಿತು. ಕನ್ಸರ್ವೇಟಿವರ ವಾದವನ್ನೂ ಹೇಳುವುದು ನ್ಯಾಯ: ತೆರಿಗೆಯ ಹೆಸರಿನಲ್ಲಿ ಭೂವ್ಯವಸ್ಥೆಯನ್ನೇ ಬದಲಿಸುವ ಈ ಮಸೂದೆಯನ್ನು ಜನರೇ ತೀರ್ಮಾನಿಸಲೆಂದು ಅವರೆಂದರು. ಚುನಾಯಿತರಲ್ಲದವರು ಬೊಕ್ಕಸಕ್ಕೆ ಬೀಗ ಹಾಕಿದರೆ ಚುನಾವಣೆಗೆ ಅರ್ಥವೇನೆಂಬುದು ಲಾಯ್ಡ್ ಜಾರ್ಜರ ಪಕ್ಷದ ಪ್ರಶ್ನೆ.

1910ರಲ್ಲಿ ಎರಡು ಚುನಾವಣೆಗಳು ನಡೆದುವು. ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬರಲಿಲ್ಲ. ಐರಿಷ್ ಸದಸ್ಯರ ಬೆಂಬಲದಿಂದ ಸರ್ಕಾರ ಉಳಿಯಿತು, ಆಯವ್ಯಯವೂ ಅಂಗೀಕೃತವಾಯಿತು. ಪ್ರಧಾನಿ ಆಸ್ಕ್ವಿತ್ತರು ನೂರಾರು ಹೊಸ ಲಾರ್ಡುಗಳನ್ನು ನೇಮಿಸುವ ಬೆದರಿಕೆ ಹಾಕಿದ ಮೇಲೆ, 1911ರ ಆಗಸ್ಟಿನಲ್ಲಿ ಮೇಲ್ಮನೆ 131ಕ್ಕೆ 114 ಮತಗಳಿಂದ ಪಾರ್ಲಿಮೆಂಟ್ ಕಾಯಿದೆಗೆ ತಲೆಬಾಗಿತು. ಸ್ಪೀಕರರು ಧನ ವಿಧೇಯಕವೆಂದು ಪ್ರಮಾಣೀಕರಿಸಿದುದನ್ನು ಲಾರ್ಡುಗಳು ಒಂದು ತಿಂಗಳಿಗಿಂತ ಹೆಚ್ಚು ತಡೆಯುವಂತಿಲ್ಲ.

ಮುಂದೆ 1916ರಿಂದ 1922ರವರೆಗೆ ಅವರು ಪ್ರಧಾನಿಯಾಗಿದ್ದರು. ಮಹಾಯುದ್ಧದಿಂದ ರಾಷ್ಟ್ರದ ಸಾಲ ಸುಮಾರು 65 ಕೋಟಿ ಪೌಂಡಿನಿಂದ 700 ಕೋಟಿಯನ್ನೂ ಮೀರಿತು. ಹೆಚ್ಚು ಹಣ ತಾರದ ಆ ಭೂತೆರಿಗೆಗಳನ್ನು 1920ರಲ್ಲಿ ಅವರ ಸರ್ಕಾರವೇ ರದ್ದುಮಾಡಿತು. ಹಣಕ್ಕಾಗಿ ಬಿರುದು ಮಾರಿದರೆಂಬ ಕಳಂಕವೂ ಅವರಿಗೆ ಅಂಟಿತು. ಲಾರ್ಡುಗಳ ಹಲ್ಲು ಕಿತ್ತವರೇ 1945ರಲ್ಲಿ ಅರ್ಲ್ ಪದವಿಯನ್ನು ಸ್ವೀಕರಿಸಿದರು. ಆದರೆ ಆ ಸಭೆಯಲ್ಲಿ ಕೂರುವ ಮೊದಲೇ ಮಾರ್ಚ್ 26ರಂದು ಕಣ್ಮುಚ್ಚಿದರು.

ತೆರಿಗೆ ಹೋಯಿತು, ನಿಯಮ ಉಳಿಯಿತು. ನಮ್ಮ ಸಂವಿಧಾನದಲ್ಲಿಯೂ ಧನ ವಿಧೇಯಕವನ್ನು ರಾಜ್ಯಸಭೆಯಾಗಲಿ ನಮ್ಮ ವಿಧಾನ ಪರಿಷತ್ತಾಗಲಿ 14 ದಿನಗಳೊಳಗೆ ಹಿಂದಿರುಗಿಸಬೇಕು. ಯಾವುದು ಧನ ವಿಧೇಯಕವೆಂಬ ಜಗಳವಂತೂ ಮುಗಿದಿಲ್ಲ. 2016ರ ಆಧಾರ್ ಮಸೂದೆಯ ವಿಷಯದಲ್ಲಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೀಗದ ಕೈ ಜನಪ್ರತಿನಿಧಿಗಳಲ್ಲಿರುವುದು ಸರಿ. ಅದನ್ನು ಬೊಕ್ಕಸಕ್ಕಲ್ಲದೆ ಬೇರೆ ಬಾಗಿಲುಗಳಿಗೂ ಹಾಕುತ್ತಾರೆಯೇ ಎಂದು ನೋಡುತ್ತಿರಬೇಕಾದವರು ನಾವು. ಈ ವರ್ಷದ ಅಣಕು ಸಭೆಯಲ್ಲಿ ಮೇಲ್ಮನೆಯ ಮಿತ್ರರಿಗೆ ಇಷ್ಟನ್ನು ವಿನಯದಿಂದ ಹೇಳಲು ನಾನು ಸಿದ್ಧನಾಗಿದ್ದೇನೆ.