ಕಡ್ಡಿಗೆ ಕವಚ ತೊಡಿಸಿದ ಶೆಲ್‌ಬರ್ಗ್

ಮಕ್ಕಳೇ, ವೆಲ್ಡಿಂಗ್ ಅಂಗಡಿಯ ಕಡ್ಡಿಯನ್ನು ಗಮನಿಸಿದ್ದೀರಾ? ಒಳಗೆ ಉಕ್ಕಿನ ತಂತಿ, ಹೊರಗೆ ಬೂದುಬಣ್ಣದ ಲೇಪ. (ಕಿಡಿಯನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ!) ಆ ಲೇಪವನ್ನು ಕೊಟ್ಟವರು ಸ್ವೀಡನ್ ದೇಶದ ಆಸ್ಕರ್ ಶೆಲ್‌ಬರ್ಗ್.

1870ರಲ್ಲಿ ಜನಿಸಿದ ಅವರು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದರು. ಹಬೆ ಬಾಯ್ಲರುಗಳ ರಿವೆಟ್ ಜೋಡಣೆಗಳು ಸೋರುತ್ತಿದ್ದವು. ಬರಿಯ ತಂತಿಯಿಂದ ಬೆಸೆದರೆ, ಕರಗಿದ ಲೋಹಕ್ಕೆ ಗಾಳಿ ಸೇರಿ ಬೆಸುಗೆ ಪೆಡಸಾಗಿ ಮುರಿಯುತ್ತಿತ್ತು. ಶೆಲ್‌ಬರ್ಗ್ ಏನು ಮಾಡಿದರು ಗೊತ್ತೇ? ತಂತಿಯನ್ನು ಖನಿಜಪುಡಿಗಳ ಗಟ್ಟಿ ಗಂಜಿಯಲ್ಲಿ ಅದ್ದಿ ಒಣಗಿಸಿದರು! ಬೆಸೆಯುವಾಗ ಲೇಪವೂ ಕರಗಿ, ಅನಿಲ ಹೊಮ್ಮಿಸಿ, ಲೋಹವನ್ನು ಗಾಳಿಯಿಂದ ಕಾಯಿತು. 1904ರಲ್ಲೇ ಕಂಪನಿ ಸ್ಥಾಪಿಸಿದ್ದ ಅವರು 1907ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. 1931ರಲ್ಲಿ ತೀರಿಕೊಂಡರು.

ಲೇಪದಲ್ಲಿ ತೇವವಿದ್ದರೆ? ಕಾವಿಗೆ ನೀರು ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದು ಉಕ್ಕಿನೊಳಗೆ ನುಸುಳಿ, ಬೆಸುಗೆ ತಣಿದು ಗಂಟೆಗಳಾದ ಮೇಲೂ ಬಿರುಕು ಮೂಡಿಸಬಲ್ಲದು. ಇದನ್ನು ತಡೆಯಲು ನಂತರದವರು ಲೇಪಕ್ಕೆ ಸುಣ್ಣಕಲ್ಲು, ಫ್ಲೋರ್‌ಸ್ಪಾರ್ ಬೆರೆಸಿ ಕಡಿಮೆ ಹೈಡ್ರೋಜನ್ನಿನ ಕಡ್ಡಿ ತಯಾರಿಸಿದರು.

1994ರಲ್ಲಿ ಅಮೆರಿಕದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಅನೇಕ ಉಕ್ಕಿನ ಕಟ್ಟಡಗಳ ಕಂಬ–ತೊಲೆ ಬೆಸುಗೆಗಳು ಸೀಳಿದವು. ಕಾರಣಗಳು ಹಲವು, ಬೆಸುಗೆಯ ಪೆಡಸುತನವೂ ಒಂದು. ಭೂಕಂಪ ತಾಳಬೇಕಾದ ಕಟ್ಟಡಕ್ಕೆ ಈಗ ಹೈಡ್ರೋಜನ್ ಕಡಿಮೆಯಿರುವ, ಸುಲಭವಾಗಿ ಸೀಳದ ಬೆಸುಗೆ ಕೊಡುವ ಕಡ್ಡಿಯನ್ನೇ ಆರಿಸುತ್ತಾರೆ. ಬಳಸುವವರೆಗೂ ಅದನ್ನು ಬಿಸಿ ಪೆಟ್ಟಿಗೆಯಲ್ಲಿ ಕಾಪಾಡುತ್ತಾರೆ, ಹಪ್ಪಳ ಮೆತ್ತಗಾಗದಂತೆ ಅಮ್ಮ ಡಬ್ಬಿಯಲ್ಲಿಡುವ ಹಾಗೆ.